ಬಣ್ಣ ಹುಟ್ಟುವ ಗಳಿಗೆಯನ್ನು ಬರೆಯಿರಿ

ಆತ್ಮೀಯರೇ,

ಚಿತ್ರದುರ್ಗದಿಂದ ನೀವು ಕಳುಹಿಸಿದ ‘ನೀಲಿ ರಕ್ತದವರು’ ಲೇಖನವನ್ನು ಎರಡು ಸಲ ಓದಿದೆ. ಇಂಗಳದಾಳದ ತಾಮ್ರದ ಗಣಿಯಿಂದ ಹೊರಟು, ಅಲ್ಲಿಯದೇ ಕಲ್ಲಿನಡಿ ಕುಳಿತ ಚೇಳಿನ ಮೈಯೊಳಗಿನ ತಾಮ್ರಕ್ಕೆ ಬಂದು ಮುಟ್ಟುವ ಆರಂಭ ಚೆನ್ನಾಗಿದೆ; ಭಾಷೆಯೂ ಶುದ್ಧವಾಗಿದೆ. ಆದರೆ ಮೂರನೆಯ ಕಂಡಿಕೆಗೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಅದನ್ನು ಮುಚ್ಚಿಟ್ಟು ಎರಡು ಸಾಲಿನ ವಿಷಾದಪತ್ರ ಬರೆದರೆ ನಿಮಗೂ ವಿಷಯಕ್ಕೂ ಅನ್ಯಾಯವಾಗುತ್ತದೆ ಎಂದು ದಾವಣಗೆರೆಯಿಂದ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ನಿಮ್ಮ ವಾಕ್ಯ ಇದು: “ಹಿಮೋಗ್ಲೋಬಿನ್‌ನ ಕಬ್ಬಿಣದ ಜಾಗದಲ್ಲಿ ತಾಮ್ರವನ್ನು ಇಟ್ಟರೆ ಅದೇ ಹೀಮೋಸಯನಿನ್, ತಾಮ್ರ ನೀಲಿ ಲೋಹವಾದ್ದರಿಂದ ಈ ಜೀವಿಗಳ ರಕ್ತ ಸದಾ ನೀಲಿ.”

ಮೊದಲ ಅರ್ಧವನ್ನು ನೋಡೋಣ. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವು ಹೀಮ್ ಎಂಬ ಉಂಗುರದ ನಡುವೆ ಕುಳಿತಿರುತ್ತದೆ. ಏಡಿ, ಚೇಳುಗಳಂಥ ಜೀವಿಗಳ ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನಾದ ಹೀಮೋಸಯನಿನ್‌ನಲ್ಲಿ ಆ ಉಂಗುರವೇ ಇಲ್ಲ. ಇಲ್ಲಿ ತಾಮ್ರದ ಪರಮಾಣುಗಳು ಜೋಡಿಯಾಗಿದ್ದು, ಒಂದೊಂದನ್ನೂ ಪ್ರೋಟೀನಿನೊಳಗಿನ ಅಮೈನೋ ಆಮ್ಲಗಳಾದ ಮೂರು ಹಿಸ್ಟಿಡಿನ್‌ಗಳು ನೇರವಾಗಿ ಹಿಡಿದುಕೊಂಡಿರುತ್ತವೆ. ಎರಡು ತಾಮ್ರಗಳು ಸೇರಿ ಆಮ್ಲಜನಕದ ಒಂದು ಅಣುವನ್ನು ಹಿಡಿಯುತ್ತವೆ. 1878ರಲ್ಲಿ ಆಕ್ಟೋಪಸ್‌ನ ರಕ್ತವನ್ನು ಪರೀಕ್ಷಿಸಿದ ಬೆಲ್ಜಿಯಂನ ಲಿಯೋನ್ ಫ್ರೆಡೆರಿಕ್ ಈ ಹೆಸರನ್ನಿಟ್ಟಾಗ ಅದರಲ್ಲಿನ ‘ಹೀಮೋ’ ಎಂಬುದಕ್ಕೆ ಗ್ರೀಕಿನ ರಕ್ತ ಎಂಬ ಅರ್ಥವಷ್ಟೇ ಇತ್ತು. ಹೆಸರಿನ ಹೋಲಿಕೆಯನ್ನು ರಚನೆಯ ಹೋಲಿಕೆಯೆಂದು ನೀವು ನಂಬಿದ್ದೀರಿ. ಇದಲ್ಲದೆ, ನಮ್ಮಲ್ಲಿ ಹಿಮೋಗ್ಲೋಬಿನ್ ಕೆಂಪುಕಣಗಳ ಒಳಗಿದ್ದರೆ ಹೀಮೋಸಯನಿನ್ ದ್ರವದಲ್ಲೇ ಕರಗಿರುತ್ತದೆ. ಹೀಗಿರುವಾಗ ‘ಜಾಗದಲ್ಲಿ ಇಟ್ಟರೆ’ ಎಂಬ ಮಾತಿಗೆ ಆಧಾರವೇ ಉಳಿಯುವುದಿಲ್ಲ.

ಇನ್ನು ‘ತಾಮ್ರ ನೀಲಿ ಲೋಹ’ ಎಂಬ ಮಾತು. ತಾಮ್ರದ ಚೊಂಬು ಕೆಂಪು. ಚನ್ನಗಿರಿ ಕಡೆಯ ಅಡಿಕೆ ತೋಟದವರು ಸುಣ್ಣದ ಜೊತೆ ಕಲಸುವ ಮೈಲುತುತ್ತ ನೀಲಿ. ಎರಡರಲ್ಲಿರುವುದೂ ತಾಮ್ರವೇ, ತುತ್ತದಲ್ಲಿ ಅದು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿದೆ. ಏಡಿಯ ಮೈಯಲ್ಲಿ ಆಮ್ಲಜನಕ ಸಿಗದ ಹೀಮೋಸಯನಿನ್‌ಗೆ ಬಣ್ಣವೇ ಇರುವುದಿಲ್ಲ. ಕಿವಿರುಗಳಲ್ಲಿ ಆಮ್ಲಜನಕದ ಅಣು ಎರಡು ತಾಮ್ರಗಳ ನಡುವೆ ಸೇತುವೆಯಂತೆ ಬಂದು ಕೂತಾಗ ತಾಮ್ರ ಇನ್ನೊಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಆಗ ನೀಲಿ ಕಾಣಿಸಿಕೊಳ್ಳುತ್ತದೆ. ಮೈಯ ತುಂಬ ಸುತ್ತಿ ಆಮ್ಲಜನಕವನ್ನು ಕೊಟ್ಟು ಮುಗಿಸಿದಾಗ ಆ ನೀಲಿ ಮಾಸುತ್ತದೆ. ಅಂದರೆ ಈ ನೀಲಿ ಪ್ರತಿ ಸುತ್ತಿನಲ್ಲೂ ಬರುತ್ತದೆ, ಹೋಗುತ್ತದೆ. ನೀವು ‘ಸದಾ’ ಎಂಬ ಒಂದೇ ಪದದಿಂದ ಈ ಇಡೀ ಓಡಾಟವನ್ನು ನಿಲ್ಲಿಸಿಬಿಟ್ಟಿದ್ದೀರಿ. ನನಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಈ ಪದದಿಂದ.

ಇದಕ್ಕೆ ಕಾರಣವಿದೆ. ನಾನು ಮಂಡಿಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ, ಮೊಳೆ ಜೋಡಿಸುವವರ ಪಕ್ಕದ ಬೆಂಚಿನ ಮೇಲೆ ಕುಳಿತು, ಗದ್ದೆ ಏಡಿಯ ಬಗ್ಗೆ ಒಂದು ಪುಟ್ಟ ಲೇಖನ ಬರೆದಿದ್ದೆ. “ಏಡಿಯ ರಕ್ತ ಶಾಯಿಯಂತೆ ನೀಲಿ” ಎಂದು ಅದರಲ್ಲಿತ್ತು. ಅಲ್ಲಿನ ಹಿರಿಯರು ಆ ಸಾಲಿನ ಕೆಳಗೆ ಸೀಸದಕಡ್ಡಿಯಿಂದ ಗೆರೆ ಎಳೆದು, “ನೋಡಿದ್ದೀಯೇನಪ್ಪಾ?” ಎಂದು ಕೇಳಿದರು. ನೋಡಿರಲಿಲ್ಲ. ಮುಂದಿನ ಭಾನುವಾರ ಭದ್ರಾ ನಾಲೆಯ ಬದಿಯ ಗದ್ದೆಗೆ ಹೋದೆ. ಕಳೆ ಕೀಳುತ್ತಿದ್ದ ಹೆಂಗಸೊಬ್ಬರು ಕಾಲು ಮುರಿದ ಏಡಿಯೊಂದನ್ನು ಕೊಟ್ಟರು. ಮುರಿದ ಕಾಲಿನಿಂದ ಬಿಳಿ ಪಿಂಗಾಣಿ ಬಟ್ಟಲಿಗೆ ತೊಟ್ಟಿಕ್ಕಿದ ಹನಿ ಹೆಚ್ಚುಕಡಿಮೆ ನೀರಿನಂತೆಯೇ ಇತ್ತು. ಗಾಳಿ ತಾಗುತ್ತ ತಾಗುತ್ತ, ಬಿಳಿ ಪಂಚೆಗೆ ಹಾಕುವ ನೀಲಿಯ ಕೊನೆಯ ನೀರಿನಷ್ಟು ತೆಳುವಾಗಿ ಬಣ್ಣ ಏರಿತು. ಶಾಯಿಯಂತಿರಲಿಲ್ಲ. ನಾನು ಬರೆದದ್ದಕ್ಕಿಂತ ಅದು ಎಷ್ಟೋ ಚೆಂದವಿತ್ತು. ಲೇಖನವನ್ನು ಹರಿದು ಮತ್ತೆ ಬರೆದೆ.

ಐದನೆಯ ಕಂಡಿಕೆಯಲ್ಲಿ “ಮೃದ್ವಂಗಿಗಳೂ ಸಂಧಿಪದಿಗಳೂ ಎಲ್ಲವೂ ಈ ಒಂದೇ ಪ್ರೋಟೀನಿನ ಮಕ್ಕಳು” ಎಂದಿದ್ದೀರಿ. ಮೃದ್ವಂಗಿಗಳೆಂದರೆ ಬಸವನಹುಳು, ಆಕ್ಟೋಪಸ್ ಮೊದಲಾದ ಮೆತ್ತನೆ ಮೈಯವು; ಸಂಧಿಪದಿಗಳೆಂದರೆ ಏಡಿ, ಚೇಳು, ಕೀಟ ಮೊದಲಾದ ಕೀಲುಗಾಲಿನವು. ಇಲ್ಲಿ ‘ಎಲ್ಲವೂ’ ತಪ್ಪು, ‘ಒಂದೇ’ ಕೂಡ ತಪ್ಪು. ಬಹುಪಾಲು ಕೀಟಗಳಲ್ಲಿ ಗಾಳಿಯನ್ನು ನವಿರಾದ ಶ್ವಾಸನಾಳಗಳೇ ಅಂಗಾಂಶದವರೆಗೆ ಮುಟ್ಟಿಸುವುದರಿಂದ, ಆಮ್ಲಜನಕ ಹೊರುವ ಕೆಲಸ ರಕ್ತಕ್ಕೆ ಬೀಳುವುದೇ ಇಲ್ಲ. ನಿಂತ ಚರಂಡಿ ನೀರಿನಲ್ಲಿ ಕಾಣುವ ಕೆಂಪು ಹುಳುಗಳು ಒಂದು ಬಗೆಯ ನೊಣಜಾತಿಯ ಮರಿಗಳು. ಅವುಗಳ ಕೆಂಪು ಹಿಮೋಗ್ಲೋಬಿನ್‌ನದೇ. ಪ್ಲನಾರ್ಬಿಸ್ ಎಂಬ ಸಿಹಿನೀರಿನ ಬಸವನಹುಳು ಮೃದ್ವಂಗಿಯಾದರೂ ಅದರ ರಕ್ತ ಕೆಂಪು.

‘ಒಂದೇ’ ಎಂಬುದರ ವಿಷಯ ಇನ್ನೂ ದೊಡ್ಡದು. ಸಂಧಿಪದಿಗಳ ಹೀಮೋಸಯನಿನ್ ಸುಮಾರು 75,000 ಡಾಲ್ಟನ್ (ಒಂದು ಡಾಲ್ಟನ್ ಎಂದರೆ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನ ತೂಕ) ತೂಕದ ಆರು ಘಟಕಗಳ ಗುಂಪು. ಅಧ್ಯಯನವಾಗಿರುವ ಚೇಳುಗಳಲ್ಲಿ ಇಂಥ ನಾಲ್ಕು ಗುಂಪುಗಳು ಕೂಡಿ 24 ಘಟಕಗಳಾಗುತ್ತವೆ, ಅಮೆರಿಕದ ಕುದುರೆಲಾಳದ ಏಡಿಯಲ್ಲಿ ಎಂಟು ಕೂಡಿ 48. ಮೃದ್ವಂಗಿಗಳದು ಬೇರೆಯೇ ಕಟ್ಟಡ: ಹತ್ತು ದೊಡ್ಡ ಘಟಕಗಳು ಸೇರಿ ಆದ ಟೊಳ್ಳು ಕೊಳವೆ, ಒಂದೊಂದು ಘಟಕದಲ್ಲೂ ಆಮ್ಲಜನಕ ಹಿಡಿಯುವ ಏಳೆಂಟು ತಾಣಗಳು. ಎರಡು ವಂಶಗಳು ಬೇರೆ ಬೇರೆ ಹಾದಿಯಲ್ಲಿ ಬಂದು ಜೋಡಿ ತಾಮ್ರದ ಒಂದೇ ಉಪಾಯಕ್ಕೆ ತಲುಪಿವೆ. ಇಷ್ಟು ದೊಡ್ಡ ಸಂಗತಿಯನ್ನು ‘ಒಂದೇ’ ಎಂಬ ಪದ ನಿಮ್ಮ ಓದುಗರಿಂದ ಮರೆಮಾಡಿದೆ.

ಈ ಎರಡು ಕಂಡಿಕೆಗಳನ್ನು ಮಾತ್ರ ಹೊಸದಾಗಿ ಬರೆದು ಕಳುಹಿಸಿ; ಉಳಿದ ಪುಟಗಳು ನನ್ನ ಬಳಿಯೇ ಇರಲಿ. ಶೀರ್ಷಿಕೆಯಲ್ಲೂ ಆ ‘ಸದಾ’ ಅಡಗಿ ಕುಳಿತಿರುವುದರಿಂದ ಅದನ್ನೂ ಬದಲಿಸಬೇಕಾಗುತ್ತದೆ. ಕಲ್ಲಿನಡಿಯ ಚೇಳಿನ ಸಾಲನ್ನು ಮಾತ್ರ ಮುಟ್ಟಬೇಡಿ.

ಇತಿ,
ಸಂಪಾದಕ