105 ಕೆಜಿ ತೂಕಕ್ಕೆ ನಾರಿನ ಹಾಸಿಗೆ ಸರಿಹೋಗುತ್ತಾ?

ಸರ್, ತೂಕ 105 ಕೆಜಿ, ಮಗ್ಗುಲಾಗಿ ಮಲಗೋ ಅಭ್ಯಾಸ, ಈಗಿರೋ ಫೋಮ್ ಹಾಸಿಗೆ ನಡುವೆ ಕುಸಿದಿದೆ, ತೆಂಗಿನ ನಾರಿನದು ತಗೊಳ್ಳಲಾ ಅಂತ ಕೇಳಿದ್ದೀರಿ. ನಾನಾದರೆ ಬೇಡ ಅಂತೀನಿ. ನಾರಿನದು ಹೊಸದರಲ್ಲಿ ಗಟ್ಟಿಯಾಗೇ ಇರುತ್ತೆ. ಆದರೆ ಸೊಂಟದ ಭಾರ ದಿನಾ ಒಂದೇ ಕಡೆ ಬಿದ್ದು ಅಲ್ಲಿ ಹಳ್ಳವಾಗುತ್ತೆ. ಮಗ್ಗುಲಾಗಿ ಮಲಗುವವರಿಗೆ ಭುಜವೂ ಒತ್ತುತ್ತೆ.

ಅಂಗಡಿಯವರ ಹಾರ್ಡ್, ಸಾಫ್ಟ್ ಮಾತು ಪಕ್ಕಕ್ಕಿಟ್ಟು ಫೋಮಿನ ಡೆನ್ಸಿಟಿ ಕೇಳಿ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತೆ ಅನ್ನೋ ಲೆಕ್ಕ ಅದು. ಬಾಳಿಕೆ ಹೆಚ್ಚಾಗಿ ನಿಂತಿರೋದು ಅದರ ಮೇಲೆ. 28ರ ಫೋಮನ್ನೂ ಕೈಗೆ ಗಟ್ಟಿ ಅನಿಸೋ ಹಾಗೆ ತಯಾರಿಸಬಹುದು, ಆದರೆ ನಿಮ್ಮ ತೂಕಕ್ಕೆ ಬೇಗ ಸೋಲುತ್ತೆ. 40ಕ್ಕಿಂತ ಕೆಳಗೆ ಇಳಿಯಬೇಡಿ.

ದುಡ್ಡು ಹೊಂದಿದರೆ 8 ಇಂಚಿನದು ನೋಡಿ: ಕೆಳಗೆ ರೀಬಾಂಡೆಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿದ ಗಟ್ಟಿ ಪದರ), ಮೇಲೆ 2-3 ಇಂಚು ನ್ಯಾಚುರಲ್ ಲೇಟೆಕ್ಸ್ (ರಬ್ಬರ್ ಮರದ ಹಾಲಿನಿಂದ ಮಾಡಿದ ಫೋಮ್). ಲೇಟೆಕ್ಸ್ ಭುಜಕ್ಕೆ ಜಾಗ ಬಿಟ್ಟು ಸೊಂಟವನ್ನು ಎತ್ತಿ ಹಿಡಿಯುತ್ತೆ. ದಪ್ಪ ಮೆಮೊರಿ ಫೋಮ್ (ಮೈ ಬಿಸಿಗೆ ಮೆತ್ತಗಾಗಿ ಮೈ ಆಕಾರಕ್ಕೆ ತಗ್ಗೋ ಫೋಮ್) ಬೇಡ, ಒಳಗೆ ಹೂತುಕೊಳ್ಳುತ್ತೀರಿ, ಸೆಕೆ ಬೇರೆ. ಪಾಕೆಟ್ ಸ್ಪ್ರಿಂಗ್ (ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿರೋ ಹಾಸಿಗೆ) ಆದರೆ ಅಂಚಿನ ಮೇಲೆ ಕೂತು ನೋಡಿ, ಜಾರುವಂತಾದರೆ ಬಿಡಿ.

ಅಂಗಡಿಯಲ್ಲಿ ನಾಚಿಕೆ ಬಿಟ್ಟು ಹತ್ತು ನಿಮಿಷ ಮಗ್ಗುಲಾಗಿ ಮಲಗಿ. ಬೆನ್ನುಮೂಳೆ ಕುತ್ತಿಗೆಯಿಂದ ಸೊಂಟದವರೆಗೆ ನೇರ ಇದೆಯಾ ಅಂತ ಜೊತೆಗೆ ಬಂದವರು ಹಿಂದಿನಿಂದ ನೋಡಲಿ. ಎಷ್ಟು ಕುಸಿದರೆ ಬದಲಾಯಿಸಿ ಕೊಡ್ತಾರೆ ಅನ್ನೋದನ್ನ ವಾರಂಟಿ ಕಾರ್ಡಿನಲ್ಲೇ ಓದಿ.

ಅದಕ್ಕೂ ಮುಂಚೆ ಹಳೆ ಹಾಸಿಗೆ ಎತ್ತಿ ಮಂಚದ ಪ್ಲೈವುಡ್ ಬಾಗಿದೆಯಾ ನೋಡಿ. ಬಾಗಿದ್ದರೆ ಮೊದಲು ಮಂಚದ ನಡುವೆ ಒಂದು ಕಾಲು ಕೊಡಿಸಿ.