ಶುಕ್ರವಾರ ಪಬ್ಬಿಗೆ ಹೋಗುವ ಮೊದಲು

ನಿನ್ನ ಮೆಸೇಜು ಓದಿ ಒಬ್ಬನೇ ನಗಾಡಿದೆ ಮಾರಾಯ. ಗ್ಲಾಸ್ಗೋಗೆ ಬಂದು ಎರಡು ವಾರ ಆಯ್ತು, ಕ್ಲಾಸಿನವರು ಶುಕ್ರವಾರ ಪಬ್ಬಿಗೆ ಕರೆದಿದ್ದಾರೆ, ಹೋಗದಿದ್ದರೆ ಒಂಟಿಯಾಗ್ತೇನಾ, ಹೋದರೆ ಎಷ್ಟು ಕುಡಿಯಬಹುದು, ರಾತ್ರಿ ರೂಮಿಗೆ ಬರುವುದು ಹೇಗೆ ಅಂತ ಕೇಳಿದ್ದೀಯ. 2009ರ ಸೆಪ್ಟೆಂಬರಿನಲ್ಲಿ ಕಾಸರಗೋಡಿನ ನೀರ್ಚಾಲಿನಿಂದ ಬಂದಿಳಿದಾಗ ನನಗೂ ಇದೇ ಮಂಡೆಬಿಸಿ. ಕೇಳುವುದಕ್ಕೆ ಮಾತ್ರ ಜನ ಇರಲಿಲ್ಲ.

 

ಪಬ್ಬಿಗೆ ಹೋಗು. ಕುಡಿಯಲೇಬೇಕು ಅಂತ ಇಲ್ಲ. ಲೈಮ್ ಸೋಡಾ ಹಿಡಿದು ಮೂರು ಗಂಟೆ ಕೂತರೂ ಯಾರೂ ಎಂತ ಅಂತ ಕೇಳುವುದಿಲ್ಲ. ಇಲ್ಲಿ ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ತರಿಸುವ ಕ್ರಮ ಉಂಟು, ರೌಂಡ್ ಅಂತಾರೆ. ಐದು ಜನ ಇದ್ದರೆ ಐದು ಪೈಂಟ್ ಬಿಯರು ನಿನ್ನ ಮುಂದೆ ಬಂದು ಕೂರ್ತದೆ. ನಾಚಿಕೆಗೆ ಕುಡಿದು ಕೆಡುವುದು ಅಲ್ಲೇ. ನನ್ನದು ನಾನೇ ತಗೊಳ್ತೇನೆ ಅಂತ ಮೊದಲೇ ಹೇಳಿಬಿಡು. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೋಗು.

ಲೆಕ್ಕಕ್ಕೆ ಬಂದರೆ, 10 ಎಂಎಲ್ ಶುದ್ಧ ಆಲ್ಕೊಹಾಲ್ ಅಂದರೆ ಒಂದು ಯೂನಿಟ್. ವಾರಕ್ಕೆ 14 ಯೂನಿಟ್ ದಾಟಬೇಡಿ, ಅಷ್ಟು ಕುಡಿಯುವವರಾದರೆ ಮೂರು ದಿನಕ್ಕಾದರೂ ಹಂಚಿಕೊಳ್ಳಿ ಅಂತ ಇಲ್ಲಿನ ವೈದ್ಯಾಧಿಕಾರಿಗಳು 2016ರಲ್ಲಿ ಹೇಳಿದ್ದು. ಪೈಂಟ್ ಅಂದರೆ 568 ಎಂಎಲ್, ಶೇಕಡಾ 5ರ ಬಿಯರಾದರೆ ಒಂದರಲ್ಲೇ ಹೆಚ್ಚುಕಮ್ಮಿ ಮೂರು ಯೂನಿಟ್. ಲಿವರ್ ಗಂಟೆಗೆ ಸುಮಾರು ಒಂದು ಯೂನಿಟ್ ಕರಗಿಸ್ತದೆ, ಅದಕ್ಕಿಂತ ಬೇಗ ಅದರ ಕೈಲಿ ಆಗುವುದಿಲ್ಲ. ಕಾಫಿ ಕುಡಿದರೂ ಅಷ್ಟೇ, ತಲೆಗೆ ತಣ್ಣೀರು ಹೊಯ್ದರೂ ಅಷ್ಟೇ.

ಈಗ ನಮ್ಮೂರಿನ ಲೆಕ್ಕ ಹಾಕು. ಶೇಕಡಾ 42.8ರ ಬ್ರಾಂದಿಯ ಒಂದು ಕ್ವಾರ್ಟರ್, 180 ಎಂಎಲ್, ಏಳೂಮುಕ್ಕಾಲು ಯೂನಿಟ್ಟಿಗೆ ಸಮ. ವಾರದ ಅರ್ಧಕ್ಕಿಂತ ಹೆಚ್ಚು ಒಂದೇ ಸಣ್ಣ ಬಾಟ್ಲಿಯಲ್ಲಿ! ಅದನ್ನು ತೋಟದ ಮೂಲೆಯಲ್ಲಿ, ಮನೆಯವರು ನೋಡುವ ಮೊದಲು, ಉಪ್ಪಿನಕಾಯಿ ನೆಕ್ಕಿಕೊಂಡು ಹತ್ತು ನಿಮಿಷದಲ್ಲಿ ಮುಗಿಸುವುದನ್ನು ನೀನೂ ನೋಡಿದ್ದೀಯ. ನಮ್ಮವರದ್ದು ಕದ್ದು ಕುಡಿಯುವ ಅಭ್ಯಾಸ, ಅದಕ್ಕೇ ಗಡಿಬಿಡಿ. ಊರಲ್ಲಿ, ಅಂದರೆ ಕೇರಳದಲ್ಲಿ, 23 ಆಗದೆ ಕಾನೂನು ಪ್ರಕಾರ ಮುಟ್ಟುವ ಹಾಗಿಲ್ಲ, ಇಲ್ಲಿ 18ಕ್ಕೇ ಬಾಗಿಲು ತೆರೆದಿದೆ. ನಿನಗೆ 22. ಕದಿಯುವ ಅಗತ್ಯ ಹೋಯ್ತು, ಆದರೆ ಆ ಗಡಿಬಿಡಿ ಕೈಯಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಾನು ನೋಡಿಯೇ ಹೇಳುವುದು.

2010ರ ಡಿಸೆಂಬರು. ಆ ವರ್ಷದ ಹಿಮ ಇಲ್ಲಿಯವರಿಗೂ ನೆನಪುಂಟು. ನನ್ನ ಜೊತೆ ಕುಂಬಳೆಯ ಹುಡುಗನೊಬ್ಬ ಇದ್ದ. ಪರೀಕ್ಷೆ ಮುಗಿದ ಖುಷಿಗೆ ಹೊರಗೆ ಹೋದೆವು, ಅವನು ವೋಡ್ಕಾ ಶಾಟ್ ಒಂದರ ಹಿಂದೆ ಒಂದು ಏರಿಸಿದ. ದಾರಿಯಲ್ಲಿ ಬಸ್ ಸ್ಟಾಪಿನ ಹತ್ತಿರ ಜಾಕೆಟ್ ಬಿಚ್ಚಿ ಕೂತ, ಸೆಕೆ ಆಗ್ತದೆ ಅಂತ. ಕುಡಿದಾಗ ಚರ್ಮಕ್ಕೆ ರಕ್ತ ನುಗ್ಗಿ ಬೆಚ್ಚಗಾದ ಹಾಗೆ ಕಾಣ್ತದೆ, ಒಳಗಿನ ಶಾಖ ಸೋರಿ ಹೋಗ್ತಾ ಇರ್ತದೆ. ನನಗೆ ಅದು ಗೊತ್ತಿರಲಿಲ್ಲ. ಮೂರು ಮಾಳಿಗೆ ಹೊತ್ತುಕೊಂಡು ಹೋಗಿ, ಅಂಗಾತ ಮಲಗಿಸಿ, ರಜಾಯಿ ಹೊದೆಸಿ, ಕಾಫಿಗೆ ನೀರಿಟ್ಟೆ.

ಯಾಕೆ ಹೇಳು? ಮದುವೆಯ ಮುಂಚಿನ ರಾತ್ರಿ ಜಗಲಿಯಲ್ಲಿ ಬಿದ್ದ ಮಾವನಿಗೆ ನಾವು ಬೈರಾಸು ಹೊದೆಸುವುದಿಲ್ಲವಾ? ಬೆಳಿಗ್ಗೆ ಎದ್ದು ಗಂಜಿಗೆ ಮಜ್ಜಿಗೆ ಕೇಳ್ತಾರೆ. ಮಲಗಿದರೆ ಸರಿಯಾಗ್ತದೆ ಅಂತ ಕಲಿತದ್ದು ಅಲ್ಲಿ. ಹೊಟ್ಟೆಯಲ್ಲಿ ಉಳಿದದ್ದು ಮಲಗಿದ ಮೇಲೂ ರಕ್ತಕ್ಕೆ ಏರ್ತಾ ಇರ್ತದೆ ಅಂತ ಯಾರೂ ಹೇಳಿರಲಿಲ್ಲ.

ಎರಡು ಗಂಟೆಗೆ ಅವನ ಗಂಟಲಲ್ಲಿ ಗೊರಗೊರ ಶಬ್ದ. ವಾಂತಿ ಬಾಯಲ್ಲೇ ನಿಂತಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗೆ. ಇಲ್ಲಿನ ತುರ್ತು ನಂಬರ್ 999ಕ್ಕೆ ಮಾಡಲು ಫೋನ್ ಎತ್ತಿ ಮತ್ತೆ ಇಟ್ಟೆ. ಪೊಲೀಸರು ಬಂದರೆ? ವೀಸಾ ಹೋದರೆ? ಅವನಪ್ಪ ತೋಟ ಅಡವಿಟ್ಟು ಕಳಿಸಿದ್ದರು. ನನ್ನ ಓಡಾಟದ ಸದ್ದಿಗೆ ಎದ್ದು ಬಂದದ್ದು ಕೆಳಗಿನ ಮನೆಯ ಹುಡುಗಿ. ಒಂದು ಮಾತೂ ಕೇಳದೆ ಅವನನ್ನು ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ, ಗಲ್ಲ ಎತ್ತಿ ಹಿಡಿದು ಅವಳೇ ಫೋನ್ ಮಾಡಿದಳು. ಆಂಬುಲೆನ್ಸಿಗೆ ಯಾರೂ ದುಡ್ಡು ಕೇಳಲಿಲ್ಲ, ವೀಸಾ ಕೇಳಲಿಲ್ಲ. ಎಷ್ಟು ಕುಡಿದ, ಯಾವಾಗ ಕುಡಿದ ಅಂತ ಮಾತ್ರ ಕೇಳಿದರು.

ಹಾಗಾಗಿ, ಕರೆದರೂ ಚಿವುಟಿದರೂ ಏಳದಿದ್ದರೆ, ಉಸಿರು ನಿಧಾನ ಆದರೆ, ಮೈ ತಣ್ಣಗಾಗಿ ತುಟಿ ನೀಲಿ ಆದರೆ ಯೋಚನೆ ಮಾಡ್ತಾ ನಿಲ್ಲಬೇಡ. ಪಕ್ಕಕ್ಕೆ ಹೊರಳಿಸು, 999ಕ್ಕೆ ಮಾಡು, ಬಿಟ್ಟು ಹೋಗಬೇಡ.

ಉಳಿದದ್ದು ಸಣ್ಣ ಸಂಗತಿ. ಗ್ಲಾಸು ಬಿಟ್ಟು ಟಾಯ್ಲೆಟ್ಟಿಗೆ ಹೋದರೆ ವಾಪಸು ಬಂದು ಅದನ್ನೇ ಕುಡಿಯಬೇಡ. ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸಬಹುದಾದದ್ದು ಮೇಲೆ ಟ್ಯಾಕ್ಸಿ ಬೋರ್ಡು ಇರುವುದನ್ನು ಮಾತ್ರ, ಬೇರೆ ಕಾರು ಮೊದಲೇ ಬುಕ್ ಮಾಡಿದ್ದರೆ ಮಾತ್ರ ಹತ್ತು. ಫೋನಿನಲ್ಲಿ ಚಾರ್ಜ್ ಇರಲಿ. ಕಾರು ತಗೊಂಡ ಮೇಲೆ ನೆನಪಿಡು, ಸ್ಕಾಟ್ಲೆಂಡಿನ ಮಿತಿ 2014ರಿಂದ 100 ಎಂಎಲ್ ರಕ್ತಕ್ಕೆ 50 ಮಿಲಿಗ್ರಾಂ. ಇಂಗ್ಲೆಂಡಿನಲ್ಲಿ 80. ರಾತ್ರಿಯದ್ದು ಬೆಳಿಗ್ಗೆಗೂ ಉಳಿದಿರಬಹುದು.

ಆ ಕುಂಬಳೆಯ ಹುಡುಗ ಮೂರನೇ ದಿನ ಮನೆಗೆ ಬಂದ. ಈಗ ಮಂಗಳೂರಲ್ಲಿದ್ದಾನೆ, ಚೆನ್ನಾಗಿದ್ದಾನೆ. ಆದರೆ ಆಸ್ಪತ್ರೆಯಲ್ಲಿದ್ದಾಗ ಅವನಮ್ಮ ಫೋನ್ ಮಾಡಿದ್ದರು, ನಾನು ಜ್ವರ ಅಂದೆ. ಹೋದ ವರ್ಷ ಊರಿಗೆ ಹೋದಾಗ ಮಧೂರು ದೇವಸ್ಥಾನದ ಅಂಗಳದಲ್ಲಿ ಸಿಕ್ಕಿದರು. ಜೊತೆಯಲ್ಲಿದ್ದವರಿಗೆ ನನ್ನನ್ನು ತೋರಿಸಿ, "ಮಗನಿಗೆ ಅಲ್ಲಿ ಜ್ವರ ಬಂದಾಗ ರಾತ್ರಿಯಿಡೀ ನಿದ್ದೆಗೆಟ್ಟು ನೋಡಿಕೊಂಡದ್ದು ಇವನೇ" ಅಂದರು. ಮಾರನೇ ದಿನ ಮನೆಗೆ ಹಲಸಿನ ಹಪ್ಪಳದ ಕಟ್ಟು ಕಳಿಸಿದರು. ಎರಡು ಕಟ್ಟು ಇನ್ನೂ ಇಲ್ಲೇ ಡಬ್ಬದಲ್ಲಿ ಉಂಟು, ಬಂದರೆ ಒಂದು ತಗೊಂಡು ಹೋಗು.