‘ನನ್ ಹೆಸರೇ ಹೋಯ್ತು ಮೇಡಂ’

(ಗುರುತು ಸಿಗಬಾರ್ದು ಅಂತ ಕೆಲವು ವಿವರ ಬದಲಾಯಿಸಿದೀನಿ, ಅವರನ್ನ ಕೇಳ್ಕೊಂಡೇ ಬರೀತಿದೀನಿ.)

ವಯಸ್ಸು ಮೂವತ್ನಾಲ್ಕು, ದಾವಣಗೆರೆ ವಿದ್ಯಾನಗರದ ಕಡೆ ಮನೆ, ವರ್ಕ್ ಫ್ರಂ ಹೋಮ್. ಹೆಂಡ್ತಿ ನನ್ನ ಹತ್ರ ಕೌನ್ಸೆಲಿಂಗ್‌ಗೆ ಕರ್ಕೊಂಡು ಬಂದಿದ್ರು. "ರಾತ್ರಿ ಎರಡರ ತನ್ಕ ಯಾರ್ ಜೊತೆನೋ ಟೈಪ್ ಮಾಡ್ತಾ ಕೂತಿರ್ತಾರೆ ಮೇಡಂ, ಬೆಳಿಗ್ಗೆ ಮಗು ಮೇಲೆ ರೇಗ್ತಾರೆ" ಅಂದ್ರು. ನಾನು ಬೇರೆ ಏನೋ ಅಂದ್ಕೊಂಡೆ, ಸುಳ್ಳು ಯಾಕೆ ಹೇಳ್ಲಿ.

ವಿಷ್ಯ ಏನಪ್ಪಾ ಅಂದ್ರೆ ಇವರು ಆರು ವರ್ಷದಿಂದ ಒಂದು ದೊಡ್ಡ ಓಪನ್ ಸೋರ್ಸ್ (ಯಾರು ಬೇಕಾದ್ರೂ ಕೋಡ್ ನೋಡಿ ಕೈಜೋಡಿಸಬಹುದಾದ) ಪ್ರಾಜೆಕ್ಟಿಗೆ ದುಡ್ಡಿಲ್ದೆ ಪೈಥಾನ್ ಕೋಡ್ ಬರೀತಾರೆ, ಹೊಸಬರು ಕಳಿಸಿದ್ದನ್ನ ನೋಡಿ ಇಲ್ಲಿ ಸ್ಪೇಸ್ ಬಿಡಿ, ಇಲ್ಲಿ ಕಾಮಾ ಹಾಕಿ, ಸಾಲು 79 ಅಕ್ಷರ ದಾಟ್ಬಾರ್ದು ಅಂತ ತಿದ್ದೋದೂ ಇವರೇ. ಈಗ ಉಳಿದವರೆಲ್ಲ ಸೇರಿ ಬ್ಲ್ಯಾಕ್ ಅನ್ನೋ ಫಾರ್ಮ್ಯಾಟರ್ ಹಾಕೋಣ ಅಂದಿದಾರೆ. ಅದು ಇಡೀ ಕೋಡ್‌ನ ತಾನೇ ಒಂದು ಅಳತೆಗೆ ತರುತ್ತೆ, 88 ಅಕ್ಷರಕ್ಕೆ ಸಾಲು ಮುರಿಯುತ್ತೆ, ನಮ್ಮಿಷ್ಟಕ್ಕೆ ಬದಲಾಯಿಸೋಕೆ ಜಾಸ್ತಿ ಬಿಡೋದೂ ಇಲ್ಲ. ಜಾಂಗೋ ಅನ್ನೋ ಹೆಸರಾಂತ ಪೈಥಾನ್ ಪ್ರಾಜೆಕ್ಟಿನವರೂ 2022ರಲ್ಲಿ ಇದಕ್ಕೇ ಹೋದ್ರಂತೆ.

ಲ್ಯಾಪ್‌ಟಾಪ್ ತೆಗೆದು ತೋರಿಸಿದ್ರು. ಒಂದು ಕಡೆ ಅವರು ಕೈಯಾರೆ ಜೋಡಿಸಿದ ಅಂಕಿ ಕೋಷ್ಟಕ, ಮಗ್ಗಿ ಪುಸ್ತಕದ ಹಂಗೆ ಸಾಲಾಗಿ. ಇನ್ನೊಂದು ಕಡೆ ಫಾರ್ಮ್ಯಾಟರ್ ಓಡಿದ ಮೇಲಿಂದು, ಸಾಲಿಗೊಂದೊಂದೇ ಅಂಕಿ, ಉದ್ದಕ್ಕೆ ಕೆಳಗೆ ಇಳ್ಕೊಂಡು ಹೋಗಿತ್ತು. ಆಮೇಲೆ, ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅನ್ನೋ ಸಾಫ್ಟ್‌ವೇರಲ್ಲಿ ಗಿಟ್ ಬ್ಲೇಮ್ ಅಂತ ಒಂದು ಕಮ್ಯಾಂಡ್, ಯಾವ ಸಾಲು ಯಾರು ಬರೆದಿದ್ದು ಅಂತ ಹೇಳುತ್ತೆ (ಹೆಸರೇ ಬ್ಲೇಮ್! ನನ್ನ ಕೆಲಸದವರಿಗೆ ನಗು ತಡೆಯೋದು ಕಷ್ಟ). ಎಲ್ಲಾ ಸಾಲಿನ ಪಕ್ಕ ಫಾರ್ಮ್ಯಾಟರ್ ಓಡಿಸಿದವರ ಹೆಸರು.

"ಇದಕ್ಕೆ ದಾರಿನೇ ಇಲ್ವಾ?" ಅಂದೆ. ಇದೆ ಅಂದ್ರು, ಸಿಡುಕ್ತಾನೇ. ಫಾರ್ಮ್ಯಾಟಿಂಗನ್ನ ಒಂದೇ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಟ್ಟಿಗೆ ದಾಖಲಾಗೋ ಒಂದು ಬದಲಾವಣೆ) ಮುಗಿಸಿ, ಅದರ ನಂಬರ್ ಒಂದು ಫೈಲಲ್ಲಿ ಬರೆದಿಟ್ಟು ಆ ಫೈಲನ್ನ ಗಿಟ್‌ಗೆ ತೋರಿಸಿಕೊಟ್ರೆ ಬ್ಲೇಮ್ ಅದನ್ನ ದಾಟಿ ಹಳೇ ಹೆಸರು ತೋರಿಸುತ್ತಂತೆ, 2019ರ ಗಿಟ್ 2.23ರಿಂದಾನೇ ಈ ಸೌಲಭ್ಯ ಐತಂತೆ. ಕೋಷ್ಟಕದ ಮೇಲೆ ಒಂದು ಕಾಮೆಂಟ್ (ಕೋಡಿನೊಳಗಿನ ಟಿಪ್ಪಣಿ ಸಾಲು) ಹಾಕಿದ್ರೆ ಫಾರ್ಮ್ಯಾಟರ್ ಅದನ್ನ ಮುಟ್ಟೋದೂ ಇಲ್ಲ.

ಎಲ್ಲಾ ಗೊತ್ತಿದ್ದೂ ನಿದ್ದೆ ಬರ್ತಿಲ್ಲ ಅಂದ್ರೆ? ಕೇಳಿ ಸುಮ್ನೆ ಕೂತೆ. ನನ್ನ ಟೇಬಲ್ ಮೇಲಿದ್ದ ಪೆನ್ನುಗಳನ್ನ ಒಂದೇ ನೇರಕ್ಕೆ ಜೋಡಿಸ್ತಾ ಇದ್ರು. ಕೊನೆಗೆ, "ಕಾಮಾ ಬಿಟ್ರೆ ಆ ಹೊಸಬರ ಹತ್ರ ಇನ್ನೇನ್ ಮಾತಾಡ್ಲಿ ಮೇಡಂ" ಅಂದ್ರು.

ನಾನು ಹೇಳಿದ್ದು ಇಷ್ಟು. ರಾತ್ರಿ ಹತ್ತಾದ ಮೇಲೆ ಯಾರಿಗೂ ಉತ್ತರ ಬೇಡ. ಆ ದೊಡ್ಡ ಕಮಿಟ್ ನೀವೇ ಮುಂದೆ ನಿಂತು ಮಾಡಿ, ಬೇರೆಯವರ ಬಾಕಿ ಕೆಲಸ ಸಿಕ್ಕಾಗದ ಹಂಗೆ ಒಂದು ರಿಲೀಸ್ ಮುಗಿದ ತಕ್ಷಣ. ವಾರಕ್ಕೊಬ್ಬ ಹೊಸಬರಿಗೆ, ತಿದ್ದದೆ, ಒಂದು ಪ್ರಶ್ನೆ ಕೇಳಿ. ಸಂಜೆ ಹೆಂಡ್ತಿ ಜೊತೆ ಕುಂದುವಾಡ ಕೆರೆ ಒಂದು ಸುತ್ತು, ಫೋನ್ ಮನೇಲಿ.

ಮೂರನೇ ಸಲ ಬಂದಾಗ ಯಾರೋ ಸ್ಟೂಡೆಂಟಿಗೆ "ಈ ಲೂಪ್ ಯಾಕೆ ಬೇಕಾಯ್ತು" ಅಂತ ಕೇಳಿದ್ರಂತೆ, ಅರ್ಧ ಪುಟ ಉತ್ತರ ಬಂತು ಅಂದ್ರು. ಕೆರೆಗೆ ಎರಡೇ ದಿನ ಹೋಗಿದಾರೆ. ಕೋಷ್ಟಕ ಮಾತ್ರ ಹಂಗೇ ಉಳಿಸ್ಕೊಂಡಿದಾರೆ, ಬೇಡ ಅನ್ನೋಕೆ ನನಗೂ ಮನಸ್ಸಾಗ್ಲಿಲ್ಲ.